ಊಟ ಆಯ್ತಾ ಎಂದು ಕೇಳುವ ಪರದೇಶ

ಕೊರಿಯಾಕ್ಕೆ ಹೊಸದಾಗಿ ಹೋಗುವವರಿಗೆಂದು ಇಂಗ್ಲಿಷಿನಲ್ಲಿ ಬಂದಿರುವ ಕೈಪಿಡಿಗಳಲ್ಲಿ ಒಂದು ಎಚ್ಚರಿಕೆ ಆಗಾಗ ಕಣ್ಣಿಗೆ ಬೀಳುತ್ತದೆ. ಎದುರು ಸಿಕ್ಕವರು ‘ಬಾಪ್ ಮೊಗೊಸ್ಸೊಯೊ?’ ಎಂದು ಕೇಳಬಹುದು, ಊಟ ಆಯಿತಾ ಎಂದು ಅದರ ಅರ್ಥ. ಅದನ್ನು ಊಟದ ಕರೆ ಎಂದುಕೊಂಡು ಅವರ ಹಿಂದೆ ಹೊರಟುಬಿಡಬೇಡಿ, ಬರೀ ಯೋಗಕ್ಷೇಮದ ಮಾತು ಅದು. ಜರ್ಮನಿಯವರಿಗೋ ಅಮೆರಿಕದವರಿಗೋ ಈ ಪಾಠ ಬೇಕಿರಬಹುದು. ಮಧ್ಯಾಹ್ನ ಮೂರೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರಿಂದಲೂ ‘ಊಟ ಆಯ್ತಾ?’ ಎಂದು ಕೇಳಿಸಿಕೊಂಡೇ ಬೆಳೆದ ಕನ್ನಡಿಗರಿಗೆ ಆ ಪುಟ ಓದಿದರೆ ನಗು ಬರುತ್ತದೆ. ‘ಬಾಪ್’ ಅಂದರೆ ಬೆಂದ ಅನ್ನ. ಊಟಕ್ಕೂ ಅದೇ ಹೆಸರು. ಹೊಟ್ಟೆಪಾಡಿನ ದುಡಿಮೆಗೆ ಅವರು ‘ಬಾಪ್‌ಬೊರಿ’ ಅನ್ನುತ್ತಾರೆ, ಅನ್ನದ ಸಂಪಾದನೆ ಎಂದು. ಅನ್ನಕ್ಕೊಂದು ದಾರಿ ಮಾಡಿಕೊಂಡ ಎಂದು ನಮ್ಮಲ್ಲಿ ಹೇಳುವ ಹಾಗೆಯೇ.

ಬೆಂಗಳೂರಿನಲ್ಲಿ 1996ರಿಂದ ಸ್ಯಾಮ್ಸಂಗ್‌ನ ಸಂಶೋಧನಾ ಕೇಂದ್ರವಿದೆ. ಆ ಕಂಪನಿಯ ಮುಖ್ಯ ನೆಲೆ ಸೋಲ್‌ನ ದಕ್ಷಿಣಕ್ಕಿರುವ ಸುವಾನ್ ನಗರ. ಎರಡೂ ಊರುಗಳ ನಡುವೆ ಓಡಾಡುವ ಎಂಜಿನಿಯರುಗಳು, ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು, ಅವರ ಹಿಂದೆ ಹೋದ ಗಂಡ ಹೆಂಡತಿ ಮಕ್ಕಳು, ಹೀಗೆ ಕೊರಿಯಾದಲ್ಲಿ ಕನ್ನಡದ ಮಾತು ಅಪರೂಪಕ್ಕೆ ಕಿವಿಗೆ ಬೀಳುವುದುಂಟು. ಇವರೆಲ್ಲ ಹೊರಡುವ ಮೊದಲು ಹೆದರುವುದು ಮೂರಕ್ಕೆ: ಊಟ, ಭಾಷೆ, ಚಳಿ. ಹೋದ ಮೇಲೆ ಪೇಚಾಡುವುದು ಬೇರೆಯದಕ್ಕೇ. ಜನ, ಮಾತು, ಮನೆಯ ರೀತಿನೀತಿ ಇವೆಲ್ಲ ಎಣಿಸಿದ್ದಕ್ಕಿಂತ ಹತ್ತಿರ ಅನ್ನಿಸುತ್ತವೆ. ದೂರ ಅನ್ನಿಸುವುದು ಕಾರ್ಡು, ನಂಬರು, ಪರದೆಯ ಮೇಲಿನ ಖಾಲಿ ಚೌಕ.

ಮೊದಲು ಹತ್ತಿರದ ಸಂಗತಿ.

ಕೊರಿಯನ್ ಕಲಿಯುವ ಪಶ್ಚಿಮದವರನ್ನು ತಬ್ಬಿಬ್ಬು ಮಾಡುವ ಪದ ‘ಉರಿ’. ಕನ್ನಡದ ಕಿವಿಗೆ ಬೆಂಕಿಯ ನೆನಪು ತಂದರೂ ಅದರ ಅರ್ಥ ‘ನಮ್ಮ’. ನಮ್ಮ ಅಮ್ಮ, ನಮ್ಮ ಮನೆ, ನಮ್ಮ ದೇಶ ಅಂದರೆ ಸರಿ. ಹೆಂಗಸೊಬ್ಬಳು ‘ಉರಿ ನಮ್ಪ್ಯೊನ್’, ನಮ್ಮ ಗಂಡ, ಅಂದಾಗ ಇಂಗ್ಲಿಷಿನವರ ಹುಬ್ಬು ಮೇಲೇರುತ್ತದೆ. ಎಷ್ಟು ಜನಕ್ಕೆ ಸೇರಿದ ಗಂಡ ಎಂದು ತಮಾಷೆ ಬೇರೆ. ‘ನಮ್ಮ ಮನೆಯವರು ಊರಲ್ಲಿಲ್ಲ’, ‘ನಮ್ಮ ಯಜಮಾನ್ರಿಗೆ ಬಿಪಿ’ ಎನ್ನುವ ಮಾತಿನ ನಡುವೆ ಬೆಳೆದವರಿಗೆ ಇದರಲ್ಲಿ ವಿವರಿಸಬೇಕಾದ ರಹಸ್ಯವೇನೂ ಇಲ್ಲ. ಸಣ್ಣ ಹೋಟೆಲಿನಲ್ಲಿ ಬಡಿಸುವ ಹೆಂಗಸನ್ನು ಗಿರಾಕಿಗಳು ‘ಇಮೊ’ ಎಂದು ಕೂಗುತ್ತಾರೆ. ಇಮೊ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. ‘ಇಮೊ, ಇನ್ನೊಂದಿಷ್ಟು ಕಿಮ್ಚಿ’ ಎಂದರೆ ಬಟ್ಟಲು ಮತ್ತೆ ತುಂಬುತ್ತದೆ, ಅದಕ್ಕೆ ಬಿಲ್ ಇಲ್ಲ. ದರ್ಶಿನಿಯ ಕೌಂಟರಿನಲ್ಲಿ ‘ಅಣ್ಣಾ, ಸ್ವಲ್ಪ ಚಟ್ನಿ’ ಎಂದು ತಟ್ಟೆ ಚಾಚಿದವರು ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬರೀ ಉಚ್ಚಾರ.

ಬಾ, ಬನ್ನಿ, ದಯಮಾಡಿಸಿ ಎಂಬ ಮೆಟ್ಟಿಲುಗಳು ಅವರಲ್ಲೂ ಇವೆ. ಇನ್ನೂ ಹೆಚ್ಚೇ ಇವೆ. ‘ನೀವು’ ಎಂಬ ಸರ್ವನಾಮವನ್ನೇ ಆದಷ್ಟು ತಪ್ಪಿಸಿ ಹುದ್ದೆಯನ್ನೋ ಸಂಬಂಧವನ್ನೋ ಹಿಡಿದು ಮಾತಾಡುವುದು ಅಲ್ಲಿನ ಮರ್ಯಾದೆ. ಅಂಗಡಿ ಎಷ್ಟೇ ಚಿಕ್ಕದಿರಲಿ, ಅದರ ಒಡೆಯ ‘ಸಾಜಂಗ್ನಿಮ್’, ಯಜಮಾನ್ರು. ಇದೆಲ್ಲ ಸರಿಯಾಗಿ ನಡೆಯಬೇಕಾದರೆ ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ಗೊತ್ತಿರಬೇಕು. ಅದಕ್ಕೇ ಪರಿಚಯವಾದ ಐದು ನಿಮಿಷಕ್ಕೆ ವಯಸ್ಸೆಷ್ಟು ಎಂಬ ಪ್ರಶ್ನೆ. ಹೊರಗಿನವರು ಇದನ್ನು ಅಧಿಕಪ್ರಸಂಗ ಎಂದುಕೊಳ್ಳುತ್ತಾರೆ. ಕ್ರಿಯಾಪದಕ್ಕೆ ಯಾವ ಬಾಲ ಅಂಟಿಸಬೇಕು ಎಂದು ತಿಳಿಯದೆ ಒದ್ದಾಡುತ್ತಿರುವ ಮನುಷ್ಯನ ಅನಿವಾರ್ಯ ಅದು.

ಆ ಪ್ರಶ್ನೆಗೆ ಉತ್ತರವೂ ಸಲೀಸಲ್ಲ. ಹಳೆಯ ಲೆಕ್ಕದಲ್ಲಿ ಕೂಸು ಹುಟ್ಟುವಾಗಲೇ ಒಂದು ವರ್ಷ. ಆಮೇಲೆ ಪ್ರತಿ ಜನವರಿ 1ಕ್ಕೆ ಎಲ್ಲರಿಗೂ ಒಟ್ಟಿಗೆ ಒಂದೊಂದು ಸೇರುತ್ತದೆ. ಡಿಸೆಂಬರ್ 31ರ ರಾತ್ರಿ ಹುಟ್ಟಿದ ಮಗುವಿಗೆ ಮರುದಿನ ಬೆಳಗ್ಗೆ ಎರಡು! 2023ರ ಜೂನ್ 28ರಿಂದ ಜಾರಿಗೆ ಬಂದ ಕಾನೂನು ಆಡಳಿತದ ವ್ಯವಹಾರಗಳಿಗೆಲ್ಲ ಹುಟ್ಟಿದ ದಿನದಿಂದ ಎಣಿಸುವ ವಯಸ್ಸೇ ಆಧಾರ ಎಂದಿತು. ದೇಶದ ಜನರೆಲ್ಲ ರಾತ್ರೋರಾತ್ರಿ ಒಂದೆರಡು ವರ್ಷ ಚಿಕ್ಕವರಾದರು ಎಂದು ಜಗತ್ತಿನ ಪತ್ರಿಕೆಗಳು ಖುಷಿಯಾಗಿ ಬರೆದವು. ಆದರೆ ಮದ್ಯ ಕೊಳ್ಳಲು, ಸೇನೆಯ ಕಡ್ಡಾಯ ಸೇವೆಗೆ ಈಗಲೂ ಲೆಕ್ಕ ಬೇರೆ: ಈ ಇಸವಿಯಿಂದ ಹುಟ್ಟಿದ ಇಸವಿಯನ್ನು ಕಳೆಯಬೇಕು. ಅಜ್ಜಿಯರಂತೂ ಹಳೆಯ ಲೆಕ್ಕ ಬಿಟ್ಟಿಲ್ಲ. ‘ಐದು ತುಂಬಿ ಆರಕ್ಕೆ ಬಿತ್ತು’ ಎಂದು ನಡೆಯುತ್ತಿರುವ ವರ್ಷವನ್ನೂ ಎಣಿಸುವ ನಮ್ಮ ಅಜ್ಜಿಯರು ಅವರನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಇಂಥ ಹೋಲಿಕೆಗಳ ಬೆನ್ನು ಹತ್ತಿ ತುಂಬ ದೂರ ಹೋದವರೂ ಇದ್ದಾರೆ. ಅಪ್ಪನಿಗೆ ‘ಅಪ್ಪ’, ಅಮ್ಮನಿಗೆ ‘ಒಮ್ಮ’, ‘ನಾನು’ ಎನ್ನಲು ‘ನಾ’, ವಾಕ್ಯದ ಕೊನೆಗೆ ಕ್ರಿಯಾಪದ. ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದ. ಅಯುತ ಎಂಬ ನಾಡಿನಿಂದ ಹಡಗಿನಲ್ಲಿ ಬಂದು ಕೊರಿಯಾದ ಗಯಾ ರಾಜ್ಯದ ಅರಸನ ಕೈಹಿಡಿದ ರಾಣಿ ಹೊ ಹ್ವಾಂಗ್‌ಓಕ್‌ಳ ಕಥೆ 13ನೇ ಶತಮಾನದ ‘ಸಾಂಗುಕ್ ಯುಸಾ’ದಲ್ಲಿದೆ, ಗಿಮ್ಹೆಯಲ್ಲಿ ಅವಳ ಸಮಾಧಿ, ಅಯುತವೇ ಅಯೋಧ್ಯೆ ಎಂದು ನಂಬಿ ಅಯೋಧ್ಯೆಯಲ್ಲಿ 2001ರಿಂದ ಅವಳ ಸ್ಮಾರಕ. ಭಾಷಾವಿಜ್ಞಾನಿಗಳು ಮಾತ್ರ ದ್ರಾವಿಡ ನಂಟನ್ನು ಒಪ್ಪಿಲ್ಲ. ಅಪ್ಪ ಅಮ್ಮನ ಹೆಸರುಗಳು ಜಗತ್ತಿನ ತೊದಲುವ ಮಕ್ಕಳ ಬಾಯಲ್ಲೆಲ್ಲ ಒಂದೇ ಥರ ಕೇಳಿಸುತ್ತವೆ. ಎರಡು ಸಾವಿರ ವರ್ಷದ ರಕ್ತಸಂಬಂಧ ಹುಡುಕುವ ಹಟ ಯಾಕೆ ಬೇಕೋ? ಹೋಟೆಲಿನಲ್ಲಿ ಇಮೊ ಎಂದು ಕೂಗಲು ಅದರ ಅಗತ್ಯವಿಲ್ಲ.

ಲಿಪಿಯಂತೂ ಕನ್ನಡಿಗರಿಗೆ ಸುಲಭದ ತುತ್ತು. ದೊರೆ ಸೇಜೊಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್‌ನಲ್ಲಿ ವ್ಯಂಜನ, ಸ್ವರ, ಕೊನೆಯ ವ್ಯಂಜನ ಮೂರೂ ಒಂದೇ ಚೌಕದೊಳಗೆ ಕೂರುತ್ತವೆ. ಕಾಗುಣಿತ, ಒತ್ತಕ್ಷರ ಬರೆದು ಪಳಗಿದ ಕೈಗೆ ಎರಡು ಮೂರು ದಿನ ಸಾಕು. ತೊಡಕು ಬರುವುದು ನಾಲಗೆಯಲ್ಲಿ. ಮೃದುವಾಗಿ ಹೇಳಿದರೆ ಚಂದ್ರ, ಬಿಗಿಹಿಡಿದು ಹೇಳಿದರೆ ಮಗಳು, ಉಸಿರು ಬಿಟ್ಟು ಹೇಳಿದರೆ ಮುಖವಾಡ: ‘ದಲ್’, ‘ತ್ತಲ್’, ‘ಥಲ್’. ಹಾಲಿಗೆ ಆಲು ಅನ್ನುವವರನ್ನು ಆಡಿಕೊಂಡು ಬಂದ ಪಂಡಿತರಿಗೂ ಅಲ್ಲಿ ಮಗಳು ಚಂದ್ರನಾಗಿ ಹೋಗುತ್ತಾಳೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳ ಗೋಳು ನಿಜ, ಮುಚ್ಚಿಡುವಂಥದ್ದಲ್ಲ. ಕಿಮ್ಚಿ ನೋಡಲು ಬರೀ ಎಲೆಕೋಸು, ಮೆಣಸಿನಪುಡಿ. ಒಳಗೆ ಸಾಮಾನ್ಯವಾಗಿ ಉಪ್ಪಿನಲ್ಲಿ ಕೊಳೆಸಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. ಸೊಪ್ಪಿನ ಸಾರು ಎಂದು ತಂದದ್ದರ ತಳದಲ್ಲಿ ಒಣಮೀನಿನ ಸಾರ. ಆದರೆ ಅದೇ ನಾಡಿನಲ್ಲಿ ಬೌದ್ಧ ಮಠಗಳ ಅಡುಗೆಯೂ ಇದೆ. ಮಾಂಸ ಮೀನು ಬಿಡಿ, ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಘಾಟಿನ ಸೊಪ್ಪುಗಳನ್ನೂ ಅದು ಮುಟ್ಟುವುದಿಲ್ಲ. ಮಾಧ್ವರ ಮನೆಯ ಮಡಿ ಅಡುಗೆ ಉಂಡವರಿಗೆ ಕೂತ ಕಡೆಯೇ ನೆಂಟಸ್ತಿಕೆ. ಬೆಗ್ಯಾಂಗ್ಸಾ ಮಠದ ಭಿಕ್ಷುಣಿ ಜೊಂಗ್ ಕ್ವಾನ್ 2017ರಲ್ಲಿ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ ಸರಣಿಯೊಂದರಲ್ಲಿ ಕಾಣಿಸಿಕೊಂಡ ಮೇಲೆ ಈ ಅಡುಗೆಗೆ ಹೊರಗೂ ಹೆಸರು ಬಂತು. ಚಳಿಗಾಲಕ್ಕೆ ಮೊದಲು ನೆರೆಹೊರೆಯ ಹೆಂಗಸರು ಕೂಡಿ ರಾಶಿ ರಾಶಿ ಕಿಮ್ಚಿ ಹಾಕುವ ‘ಗಿಮ್ಜಾಂಗ್’ 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನಮ್ಮ ಬೇಸಿಗೆಯ ಹಪ್ಪಳ ಸಂಡಿಗೆಯ ಗದ್ದಲವನ್ನು ಕೊರೆಯುವ ಚಳಿಗೆ ಒಯ್ದು ಊಹಿಸಿಕೊಂಡರೆ ಅದರ ಚಿತ್ರ ಸಿಗುತ್ತದೆ.

ಕರಿಯ ಕಥೆ ಬೇರೆ. ಒಟ್ಟೊಗಿ ಎಂಬ ಕಂಪನಿ 1969ರಲ್ಲಿ ವ್ಯಾಪಾರ ತೆರೆದದ್ದೇ ಕರಿ ಪುಡಿಯಿಂದ. 1981ರಲ್ಲಿ ಬಿಸಿ ಮಾಡಿ ಸುರಿದುಕೊಳ್ಳುವ ‘ಮೂರು ನಿಮಿಷದ ಕರಿ’ ತಂದಿತು. ಅರಿಸಿನ ಹಳದಿ, ಮಂದ, ಸಪ್ಪೆ, ಆಲೂಗೆಡ್ಡೆ ಗಜ್ಜರಿಯ ಚೂರು. ಕೊರಿಯಾದ ಒಂದಿಡೀ ಪೀಳಿಗೆ ಶಾಲೆಯಿಂದ ಬಂದು ಉಂಡದ್ದು ಇದನ್ನೇ. ಭಾರತದಿಂದ ಬಂದವರೆಂದು ತಿಳಿದ ಕೂಡಲೇ ಪ್ರೀತಿಯಿಂದ ಇದರ ತಟ್ಟೆಯನ್ನು ಮುಂದೆ ತಳ್ಳಿ ಮುಖ ನೋಡುತ್ತಾರೆ. ಚೆನ್ನಾಗಿದೆ ಅನ್ನಬೇಕು, ಇನ್ನೇನು ಮಾಡುವುದು.

ಬೆಂಗಳೂರಿನವರು ನಿಂತು ನೋಡುವ ನಿಜವಾದ ಅಚ್ಚರಿ ಅಪಾರ್ಟ್‌ಮೆಂಟಿನ ಹಿತ್ತಲಲ್ಲಿರುತ್ತದೆ. ಅಡುಗೆಮನೆಯ ಕಸದ ಡಬ್ಬ. ಕಾರ್ಡು ತೋರಿಸಿದರೆ ಮುಚ್ಚಳ ತೆರೆದುಕೊಳ್ಳುತ್ತದೆ, ಸುರಿದರೆ ತೂಗುತ್ತದೆ, ಎಷ್ಟು ಗ್ರಾಂ ಎಂದು ತೋರಿಸಿ ಆ ಮನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. 1995ರಲ್ಲಿ ಕೊರಿಯಾ ಕಸಕ್ಕೆ ಚೀಲದ ಲೆಕ್ಕದಲ್ಲಿ ಹಣ ಹಾಕತೊಡಗಿತು. 2005ರಲ್ಲಿ ಆಹಾರದ ಕಸವನ್ನು ನೇರ ಗುಂಡಿಗೆ ಸುರಿಯುವುದನ್ನು ನಿಷೇಧಿಸಿತು. 2013ರಿಂದ ಅದಕ್ಕೂ ಪ್ರಮಾಣ ನೋಡಿ ಶುಲ್ಕ. ಇಂದು ಆಹಾರದ ಕಸದಲ್ಲಿ ಹೆಚ್ಚೂಕಡಿಮೆ ಎಲ್ಲವೂ ಮೇವಾಗಿ, ಗೊಬ್ಬರವಾಗಿ, ಅನಿಲವಾಗಿ ಮರುಬಳಕೆಯಾಗುತ್ತದೆ. ನಿಯಮದ ತಿರುಳು ಸರಳ: ದನ ಹಂದಿ ತಿನ್ನಬಲ್ಲದ್ದು ಈ ಡಬ್ಬಕ್ಕೆ. ಮೊಟ್ಟೆಯ ಚಿಪ್ಪು, ಮೂಳೆ, ಈರುಳ್ಳಿಯ ಹೊರಸಿಪ್ಪೆ, ಚಹಾದ ಚರಟ ಬೇರೆ ಚೀಲಕ್ಕೆ. ಬಣ್ಣವಿಲ್ಲದ ನೀರಿನ ಬಾಟಲಿಯನ್ನು ಚೀಟಿ ಕಿತ್ತು ಬೇರೆಯೇ ಇಡಬೇಕು. ಸಾಂಬಾರಿನಲ್ಲಿ ಜಗಿದು ಬಿಟ್ಟ ನುಗ್ಗೆಕಾಯಿ ಸಿಪ್ಪೆ ಎಲ್ಲಿಗೆ ಎಂಬುದು ಮಾತ್ರ ನಮ್ಮವರ ಖಾಸಗಿ ಜಿಜ್ಞಾಸೆ. ಮಂಡೂರಿನ ಜನ ರಸ್ತೆಗಿಳಿದು ಬೆಂಗಳೂರಿನ ಕಸದ ಲಾರಿಗಳನ್ನು ತಡೆದದ್ದನ್ನು ಕಂಡವರಿಗೆ ಈ ಡಬ್ಬದ ಮುಂದೆ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ. ಶುರುವಿನಲ್ಲಿ ಎರಡು ಸಲ ಕಾವಲುಗಾರ ಅಜ್ಜನಿಂದ ಬೈಸಿಕೊಂಡರೂ ಮೂರನೇ ವಾರಕ್ಕೆ ಎಲ್ಲರೂ ಕಲಿತುಬಿಡುತ್ತಾರೆ. ಡಬ್ಬ ಯಾವ ದೇಶದವರು ಎಂದು ಕೇಳುವುದಿಲ್ಲ.

ಮನೆ ಹುಡುಕುವಾಗಲೂ ಹಾಗೇ, ಹೊಸ ಹೆಸರಿನ ಹಿಂದೆ ಹಳೆಯ ಪರಿಚಯ. ‘ಜೊನ್ಸೆ’ ಎಂಬ ಪದ್ಧತಿ ಜಗತ್ತಿನಲ್ಲಿ ಕೊರಿಯಾ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂದು ಹೇಳುವವರಿದ್ದಾರೆ. ದೊಡ್ಡ ಮೊತ್ತವನ್ನು ಮಾಲೀಕರ ಕೈಗೆ ಒಮ್ಮೆಲೇ ಕೊಡುವುದು, ಎರಡು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ಹಣ ವಾಪಸ್ ಪಡೆಯುವುದು. ಬೆಂಗಳೂರಿನಲ್ಲಿ ಭೋಗ್ಯಕ್ಕೆ ಮನೆ ಹಾಕಿಕೊಂಡವರು ಇದನ್ನು ಕೇಳಿ ‘ಅದೇ ಲೀಸು ತಾನೇ’ ಅಂದಾರು. ಮೋಸವೂ ಒಂದೇ ಮಾದರಿ: ಮಾಲೀಕನ ಸಾಲ ತೀರದೆ ಮನೆ ಹರಾಜಿಗೆ ಬಂದಾಗ ಒಳಗಿದ್ದವರ ಹಣ ಗಾಳಿಗೆ. 2022ರಿಂದೀಚೆಗೆ ಕೊರಿಯಾದಲ್ಲಿ ಮನೆಯ ಬೆಲೆ ಇಳಿದಾಗ ಸಾವಿರಾರು ಜನ, ಅದರಲ್ಲೂ ಈಗಷ್ಟೇ ದುಡಿಯತೊಡಗಿದವರು, ಹೀಗೆ ಮುಳುಗಿದರು. 2023ರಲ್ಲಿ ಸರ್ಕಾರ ಅದಕ್ಕೆಂದೇ ವಿಶೇಷ ಕಾನೂನು ತರಬೇಕಾಯಿತು.

ಇಷ್ಟೆಲ್ಲ ಒಗ್ಗಿಬಂದ ಮೇಲೆ ಉಳಿಯುವುದು ಪರದೆ.

90 ದಿನಕ್ಕಿಂತ ಹೆಚ್ಚು ಇರುವವರು ಆ ಅವಧಿಯೊಳಗೆ ವಲಸೆ ಕಚೇರಿಯಲ್ಲಿ ಹೆಸರು ಬರೆಸಿ ಕಾರ್ಡು ಪಡೆಯಬೇಕು. ಹಿಂದೆ ಅದರ ಇಂಗ್ಲಿಷ್ ಹೆಸರು ಏಲಿಯನ್ ರಿಜಿಸ್ಟ್ರೇಷನ್ ಕಾರ್ಡ್. ಅನ್ಯಗ್ರಹದವರ ನೆನಪು ಬೇಡವೆಂದೋ ಏನೋ, ಈಗ ರೆಸಿಡೆನ್ಸ್ ಕಾರ್ಡ್ ಆಗಿದೆ. ಕೊರಿಯನ್ ಹೆಸರು ಮಾತ್ರ ಇಂದಿಗೂ ‘ವಿದೇಶಿಯರ ನೋಂದಣಿ ಪತ್ರ’. ಅದರಲ್ಲಿ 13 ಅಂಕಿಯ ಸಂಖ್ಯೆ, ಕೊರಿಯನ್ನರಿಗೆ ಇರುವಂಥದ್ದೇ. ವ್ಯತ್ಯಾಸ ಏಳನೆಯ ಅಂಕಿಯಲ್ಲಿ: ಇಂದಿನ ಕೊರಿಯನ್ನರಿಗೆ ಅದು 1ರಿಂದ 4, ಹೊರಗಿನವರಿಗೆ 5ರಿಂದ 8. ಯಾರು ನಮ್ಮವರು ಯಾರು ಅಲ್ಲ ಎಂಬುದನ್ನು ಒಂದೇ ಅಂಕಿ ಹೇಳಿ ಮುಗಿಸುತ್ತದೆ. ಆ ಅಂಕಿಯನ್ನು ಎಣಿಸದೆ ಕಟ್ಟಿದ ಜಾಲತಾಣಗಳು ಹಾಗೆಯೇ ಮುಖ ತಿರುಗಿಸುತ್ತವೆ.

ಕಾರ್ಡಿಲ್ಲದೆ ಸ್ವಂತ ಹೆಸರಿನ ಮಾಸಿಕ ಬಿಲ್ಲಿನ ಫೋನ್ ಇಲ್ಲ. ಅಂಥ ಫೋನಿಲ್ಲದೆ ‘ನೀವು ನೀವೇ’ ಎಂದು ದೃಢಪಡಿಸುವ ಆನ್‌ಲೈನ್ ಪರೀಕ್ಷೆ ಇಲ್ಲ. ಅದಿಲ್ಲದೆ ಸಿನಿಮಾ ಟಿಕೆಟ್ಟಿನಿಂದ ಆಸ್ಪತ್ರೆಯ ಹೊತ್ತು ಗೊತ್ತುಮಾಡುವವರೆಗೆ ಅರ್ಧ ಕೊರಿಯಾ ಮುಚ್ಚಿರುತ್ತದೆ. ಫೋನ್ ಸಿಕ್ಕಿದರೂ ಹೆಸರಿನ ಕಾಟ ತಪ್ಪದು. ಕೊರಿಯನ್ನರ ಹೆಸರು ಬಹುಪಾಲು ಮೂರು ಅಕ್ಷರ: ಮನೆತನದ್ದು ಒಂದು, ಸ್ವಂತದ್ದು ಎರಡು. ಊರು, ಅಪ್ಪ, ತಾನು ಎಲ್ಲರನ್ನೂ ಪಾಸ್‌ಪೋರ್ಟಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಬಂದ ಕನ್ನಡಿಗರ ಹೆಸರು ಆ ಚೌಕದೊಳಗೆ ಹಿಡಿಯುವುದು ಕಷ್ಟ. ಬ್ಯಾಂಕು ಒಂದು ರೀತಿ ಮುರಿದು ಬರೆದಿರುತ್ತದೆ, ಫೋನ್ ಕಂಪನಿ ಜಾಗ ಬಿಡದೆ ಕೂಡಿಸಿರುತ್ತದೆ, ವಿಮೆಯ ಕಾಗದದಲ್ಲಿ ಕೊನೆಯ ನಾಲ್ಕಕ್ಷರವೇ ಇರುವುದಿಲ್ಲ. ಮೂರೂ ಒಂದಕ್ಕೊಂದು ತಾಳೆಯಾಗದೆ ಪರದೆ ಹೇಳುತ್ತದೆ: ಮಾಹಿತಿ ಹೊಂದುತ್ತಿಲ್ಲ.

ದಾರಿ ಹುಡುಕುವುದರಲ್ಲೂ ಈ ಗಡಿಯಿದೆ. ವಿವರವಾದ ನಕ್ಷೆಯ ದತ್ತಾಂಶವನ್ನು ದೇಶದ ಹೊರಗೆ ಕೊಂಡೊಯ್ಯಲು ಗೂಗಲ್ ಕೇಳಿದ ಅನುಮತಿಯನ್ನು ಸರ್ಕಾರ 2007ರಲ್ಲಿ, ಮತ್ತೆ 2016ರಲ್ಲಿ ನಿರಾಕರಿಸಿತು. ಉತ್ತರ ಕೊರಿಯಾದೊಂದಿಗೆ 1953ರಲ್ಲಿ ಆದದ್ದು ಕದನವಿರಾಮವಷ್ಟೇ, ಶಾಂತಿ ಒಪ್ಪಂದವಲ್ಲ; ಭದ್ರತೆಯ ಕಾರಣವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೂ ಮೊದಲ ವಾರವೇ ಫೋನಿನ ನಕ್ಷೆ ನಡೆಯುವ ದಾರಿ ತೋರಿಸದೆ ಕೈಚೆಲ್ಲಿದಾಗ ಹೊಸಬರಿಗೆ ಆ ಇತಿಹಾಸ ನೆನಪಾಗದು. ನೇವರ್, ಕಕಾವೊ ನಕ್ಷೆಗಳನ್ನು ಇಳಿಸಿಕೊಂಡು ಕಲಿಯುತ್ತಾರೆ.

ಎಂಜಿನಿಯರುಗಳ ಪೇಚಾಟ ಇಷ್ಟಕ್ಕೇ ಮುಗಿಯುತ್ತದೆ, ಕೊನೆಗೆ ಅದು ನಗೆಯ ಕಥೆ. 2004ರಿಂದ ನಡೆದುಬಂದ ಉದ್ಯೋಗ ಪರವಾನಗಿ ಯೋಜನೆಯಡಿ ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಕಾಂಬೋಡಿಯಾಗಳಿಂದ ಕಾರ್ಖಾನೆ, ತೋಟ, ಮೀನುಗಾರಿಕೆಗೆ ಹೋದವರ ಕಥೆ ಹಾಗಲ್ಲ. ಭಾರತ ಆ ಪಟ್ಟಿಯಲ್ಲಿಲ್ಲವಾದ್ದರಿಂದ ನಮ್ಮ ಕಿವಿಗೆ ಅದು ಅಷ್ಟಾಗಿ ಬಿದ್ದಿಲ್ಲ. ಅವರು ಮಾಲೀಕನನ್ನು ಇಷ್ಟಬಂದಂತೆ ಬದಲಿಸುವಂತಿಲ್ಲ. ಈ ಕಟ್ಟುಪಾಡನ್ನು ಸಂವಿಧಾನ ನ್ಯಾಯಾಲಯ 2021ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. 2020ರ ಡಿಸೆಂಬರ್‌ನ ಕಡುಚಳಿಯಲ್ಲಿ ಪೊಚೊನ್‌ನ ತರಕಾರಿ ತೋಟವೊಂದರ ಪ್ಲಾಸ್ಟಿಕ್ ಹಸಿರುಮನೆಯೊಳಗಿನ ವಸತಿಯಲ್ಲಿ ಕಾಂಬೋಡಿಯಾದ ಹೆಣ್ಣುಮಗಳೊಬ್ಬಳು ಸತ್ತು ಬಿದ್ದಿದ್ದಳು. ನೆಲವನ್ನೇ ಬೆಚ್ಚಗಿಡುವ ‘ಒಂದೊಲ್’ ಅನ್ನು 2018ರಲ್ಲಿ ರಾಷ್ಟ್ರದ ಪರಂಪರೆ ಎಂದು ಘೋಷಿಸಿದ ದೇಶದಲ್ಲಿ. 2024ರ ಜೂನ್ 24ರಂದು ಹ್ವಾಸೊಂಗ್‌ನ ಲಿಥಿಯಂ ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿದ್ದು 23 ಮಂದಿ ಸತ್ತರು. ಅವರಲ್ಲಿ 18 ಮಂದಿ ವಿದೇಶಿಯರು. ಕೊರೊನಾ ಕಾಲದಲ್ಲಿ, 2021ರ ಮಾರ್ಚ್‌ನಲ್ಲಿ, ವಿದೇಶಿ ಕೆಲಸಗಾರರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು ಎಂದು ಸೋಲ್ ನಗರಾಡಳಿತ ಆದೇಶಿಸಿದಾಗ ಮಾತ್ರ ಎಂಜಿನಿಯರೂ ಕೂಲಿಯೂ ಒಂದೇ ಸಾಲಿನಲ್ಲಿ ನಿಂತರು. ರಾಯಭಾರ ಕಚೇರಿಗಳು ಆಕ್ಷೇಪಿಸಿದ ಮೇಲೆ ಎರಡೇ ದಿನದಲ್ಲಿ ಅದು ಬರೀ ಸಲಹೆಯಾಯಿತು.

ಕೊರಿಯಾ ಏನನ್ನೂ ಕೊಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಶಾಶ್ವತ ವಾಸದ ಹಕ್ಕು ಪಡೆದು ಮೂರು ವರ್ಷ ಕಳೆದವರಿಗೆ ಸ್ಥಳೀಯ ಚುನಾವಣೆಯಲ್ಲಿ 2006ರಿಂದಲೇ ಮತವಿದೆ. ಏಷ್ಯಾದಲ್ಲಿ ಈ ದಾರಿ ಮೊದಲಿಗೇ ತುಳಿದ ದೇಶಗಳಲ್ಲಿ ಅದೂ ಒಂದು. 2019ರ ಜುಲೈನಿಂದ ಆರು ತಿಂಗಳು ಮೀರಿ ಇರುವವರಲ್ಲಿ ಬಹುಪಾಲು ಜನ ರಾಷ್ಟ್ರೀಯ ಆರೋಗ್ಯ ವಿಮೆಯೊಳಗೆ. ವಿದೇಶಿಯರ ಸಹಾಯವಾಣಿ 1345ಕ್ಕೆ ಕರೆ ಮಾಡಿದರೆ ಹಲವು ಭಾಷೆಗಳಲ್ಲಿ ಉತ್ತರ ಸಿಗುತ್ತದೆ. ಎಲ್ಲ ದೇಶಗಳಲ್ಲೂ ಕಾಗದದ ಗೋಡೆ ಇದೆ ಎನ್ನುವವರಿಗೂ ಉತ್ತರ ಕೊಡಬೇಕು: ಆಧಾರ್ ಇಲ್ಲದ ಕೊರಿಯನ್ನರನ್ನು ಬೆಂಗಳೂರಿನಲ್ಲಿ ಹಿಡಿದು ಕೇಳಿದರೆ ಅವರ ಜೇಬಿನಿಂದಲೂ ಒಂದು ಪಟ್ಟಿ ಹೊರಬಂದೀತು. ಆದರೆ ಕೊರಿಯಾದ ತುರ್ತು ಬೇರೆ. 2023ರಲ್ಲಿ ಅಲ್ಲಿನ ಜನನ ದರ ಹೆಣ್ಣೊಬ್ಬಳಿಗೆ 0.72ಕ್ಕೆ ಇಳಿದಿತ್ತು; ಮರುವರ್ಷ 0.75 ಆದದ್ದೇ ಸಮಾಧಾನ. 2024ರ ಕೊನೆಗೆ ವಿದೇಶಿಯರು 26 ಲಕ್ಷ ದಾಟಿದ್ದರು. ಅವರ ಹೆಸರು ಪೂರ್ತಿ ಹಿಡಿಯುವ ಚೌಕ ಮಾಡುವುದು, ಕೆಟ್ಟ ಮಾಲೀಕನನ್ನು ಬಿಟ್ಟುಹೋಗಲು ಬಿಡುವುದು, 2007ರಿಂದ ಸಂಸತ್ತಿನಲ್ಲಿ ಮೇಲೇಳದೆ ಬಿದ್ದಿರುವ ತಾರತಮ್ಯ ವಿರೋಧಿ ಮಸೂದೆಯನ್ನು ಕೈಗೆತ್ತಿಕೊಳ್ಳುವುದು, ಕಸವನ್ನು ಗ್ರಾಮಿನಲ್ಲಿ ತೂಗಿ ಲೆಕ್ಕ ಇಡಬಲ್ಲ ಆಡಳಿತಕ್ಕೆ ಇವೆಲ್ಲ ಮೀರಿದ ಕೆಲಸವೇ?

ಪರದೆಯ ಮುಂದೆ ತಡಬಡಾಯಿಸುವವರು ಬರೀ ಹೊರಗಿನವರೂ ಅಲ್ಲ. ಊಟದ ಹೊತ್ತಿಗೆ ಯಾವುದೇ ಸಣ್ಣ ಹೋಟೆಲಿಗೆ ಹೋದರೂ ಬಾಗಿಲಲ್ಲಿ ಕಿಯೋಸ್ಕ್. ಇಮೊಳನ್ನು ಕೂಗುವ ಮೊದಲು ಅದರ ಮೇಲೆ ಬೆರಳೊತ್ತಬೇಕು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಅದರ ಮುಂದೆ ನಿಂತು ಕನ್ನಡಕ ಏರಿಸಿ ಇಳಿಸಿ ಮಾಡುತ್ತಿರುತ್ತಾಳೆ, ಹಿಂದೆ ನಿಂತ ಪರದೇಶಿ ಹುಡುಗ ನಿಧಾನಕ್ಕೆ ಹಂಗುಲ್ ಕೂಡಿಸಿ ಓದಿ ಅವಳ ನೂಡಲ್ಸ್ ಆರಿಸಿಕೊಡುತ್ತಾನೆ. ಕೊನೆಯಲ್ಲಿ ಪಾಯಿಂಟ್ ಸೇರಿಸಲು ಫೋನ್ ನಂಬರ್ ಒತ್ತಿ ಎನ್ನುತ್ತದೆ ಯಂತ್ರ. ಇಬ್ಬರೂ ಒಟ್ಟಿಗೆ ‘ಬೇಡ’ ಒತ್ತುತ್ತಾರೆ. ಅಜ್ಜಿ ‘ಚೊಂಗಾಕ್’, ಮದುವೆಯಾಗದ ಹುಡುಗ, ಎಂದು ಅವನನ್ನು ಕರೆದು ಬೆನ್ನು ತಟ್ಟಿ, ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡು ಮೊದಲು ಕೇಳುವುದು ಅವನ ವಯಸ್ಸನ್ನು.